ಕೌದಿಯ ಚೂರು ಯಾರದು?

ಚಾಮರಾಜಪೇಟೆಯ ಯಾವುದೇ ದರ್ಜಿಯ ಅಂಗಡಿಯಲ್ಲಿ ರವಿಕೆ ಕತ್ತರಿಸಿದ ಮೇಲೆ ಗೇಣಗಲದ ಚೂರುಗಳು ಉಳಿಯುತ್ತವೆ. ಗೃಹಿಣಿಯರು ಅವನ್ನು ಕೇಳಿ ಪಡೆದು, ಚೌಕಗಳಾಗಿ ಜೋಡಿಸಿ ಕೌದಿ ಹೊಲಿಯುವುದುಂಟು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಮಹಿಳೆಯರ ಕೌದಿ ಬಹುಮಟ್ಟಿಗೆ ಉಟ್ಟು ಸವೆದ ಹಳೆಯ ಬಟ್ಟೆಯದು. ಮನೆಯ ಬಟ್ಟೆಗೆ ಒಡೆತನದ ಪ್ರಶ್ನೆ ಏಳದು. ದರ್ಜಿಯ ಚೂರು ಹಾಗಲ್ಲ. ಬಟ್ಟೆ ಗಿರಾಕಿಯದು, ದರ್ಜಿಗೆ ಸಲ್ಲುವುದು ಕೂಲಿ ಮಾತ್ರ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅದತ್ತಾದಾನವನ್ನು ಸ್ತೇಯವೆಂದ ಉಮಾಸ್ವಾಮಿ ಆಚಾರ್ಯರು ವಸ್ತುವಿನ ಬೆಲೆಯನ್ನು ಎಣಿಸಲಿಲ್ಲ. ಅನ್ಯರು ಅಪಹರಿಸಿದ್ದನ್ನು ಸ್ವೀಕರಿಸುವುದನ್ನೂ ಅಚೌರ್ಯ ವ್ರತದ ಅತಿಚಾರಗಳಲ್ಲಿ ಸೇರಿಸಿದರು. ಗಿರಾಕಿಯ ಮೌನವೇ ಸಮ್ಮತಿಯೆಂಬ ವಾದ ವರ್ತಕರಿಗೆ ಬಲು ಪ್ರಿಯವಾದುದು! ಕಸಕ್ಕೆ ಬೀಳುವುದನ್ನು ಉಳಿಸಿದೆವೆಂಬ ಸಮಾಧಾನ, ಗಿರಾಕಿ ಬೇಡವೆಂದ ಮೇಲಷ್ಟೇ ಸಲ್ಲುತ್ತದೆ. ರವಿಕೆ ಒಪ್ಪಿಸುವಾಗ "ಉಳಿದ ಚೂರು ಬೇಕೇನಮ್ಮಾ?" ಎಂದು ದರ್ಜಿ ಕೇಳಿದನೇ ಎಂಬುದನ್ನು ಕೌದಿ ಹೊಲಿಯುವವಳು ಮೊದಲೇ ವಿಚಾರಿಸಬಹುದು.