ಅವ್ವ ಯಾವಾಗ ಉಣ್ಣುತ್ತಿದ್ದಳು?

ತಮ್ಮ: ಲಾಟೀನು ನಡುವೆ ಇಟ್ಟುಕೊಂಡು ರಾತ್ರಿ ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದೆವಲ್ಲಕ್ಕ, ತಾತ, ಅಪ್ಪ, ಚಿಕ್ಕಪ್ಪ, ನಾವು ಮೂರು ಮಕ್ಕಳು! ಬಿಸಿ ಹಿಟ್ಟು, ಉಪ್ಸಾರು, ಪಕ್ಕದಲ್ಲಿ ಖಾರ. ಮನೆ ಅಂದರೆ ನನಗೆ ಇವತ್ತಿಗೂ ಅದೇ.

ಅಕ್ಕ: ಎಲ್ಲರೂ ಅಂದೆ. ಅವ್ವ ಎಲ್ಲಿದ್ದಳು?

ತಮ್ಮ: ಒಲೆ ಮುಂದೆ. ಬಡಿಸುವವರು ಆಮೇಲೆ ಉಣ್ಣುವುದು ಆಗಿನ ಪದ್ಧತಿ. ಆದರೂ ಅವಳು ಅಲ್ಲೇ ಇದ್ದಳು, ನಮ್ಮ ಮಾತಿಗೆ ಮಾತು ಸೇರಿಸುತ್ತಿದ್ದಳು. ಒಟ್ಟಿಗೆ ಇರುವುದಕ್ಕೆ ಬಾಯಲ್ಲಿ ತುತ್ತು ಇರಲೇಬೇಕೇ?

ಅಕ್ಕ: ಬೆಳೆ ಬಂದ ವರ್ಷವಾಗಿದ್ದರೆ ಬೇಡ ಅನ್ನುತ್ತಿದ್ದೆ. ನಾನು ಹೇಳುತ್ತಿರುವುದು 1965, 66ರ ಮಾತು. ಮೇಲಿಂದ ಮೇಲೆ ಎರಡು ವರ್ಷ ಮಳೆ ಕೈಕೊಟ್ಟಿತು. ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯ, ಮದ್ದೂರಿನ ಗದ್ದೆಗೆ ಹರಿದರೂ ನಾಗಮಂಗಲದ ಕಡೆಯ ನಮ್ಮ ಖುಷ್ಕಿ ಹೊಲಕ್ಕೆ ಏರಲಿಲ್ಲ. ನ್ಯಾಯಬೆಲೆ ಅಂಗಡಿಗೆ ಅಮೆರಿಕದ ಗೋಧಿ ಬಂತು. ರಾಗಿ ಉಂಡು ಬೆಳೆದವರಿಗೆ ಅದು ಹೊಟ್ಟೆಗೇ ಹಿಡಿಯಲಿಲ್ಲ. ನೀನು ನಿನ್ನ ತಟ್ಟೆ ನೋಡುತ್ತಿದ್ದೆ. ನಾನು ಮುದ್ದೆ ಕಟ್ಟಲು ಅವ್ವನ ಪಕ್ಕ ಇರುತ್ತಿದ್ದೆ. ಮನೆಯಲ್ಲಿ ಏಳು ಜನ, ಮಡಕೆಯಲ್ಲಿ ಆರು ಮುದ್ದೆ.

ತಮ್ಮ: ಅದೇ 1965ರಲ್ಲಿ ಅಲ್ಲವೇ ಪ್ರಧಾನಿ ಶಾಸ್ತ್ರಿಯವರು ಸೋಮವಾರ ರಾತ್ರಿ ಊಟ ಬಿಡಿ ಎಂದು ಕರೆ ಕೊಟ್ಟದ್ದು? ಎಷ್ಟು ಜನ ಹೆಮ್ಮೆಯಿಂದ ಬಿಟ್ಟರು! ಅವ್ವನದೂ ಅಂಥದೇ ತ್ಯಾಗ.

ಅಕ್ಕ: ತ್ಯಾಗ ಅನ್ನಬೇಡ. ಶಾಸ್ತ್ರಿಯವರು ಕೇಳಿಕೊಂಡರು. ಒಪ್ಪುವವರು ಒಪ್ಪಿದರು, ಮಂಗಳವಾರ ಬೆಳಗ್ಗೆ ಉಂಡರು. ಅವ್ವನನ್ನು ಯಾರೂ ಕೇಳಲಿಲ್ಲ, ಅವಳಿಗೆ ಇಂಥ ವಾರ ಅಂತಲೂ ಇರಲಿಲ್ಲ. ಉಣ್ಣಬೇಕಾದರೆ ನಿನ್ನ ಮುದ್ದೆ ಮುರಿಯಬೇಕಿತ್ತು. ಅದೊಂದು ಆಯ್ಕೆಯೇ? ತ್ಯಾಗ ಎಂದು ಕೈಮುಗಿದುಬಿಟ್ಟರೆ ಅವಳ ಹಸಿವು ಯಾರ ಕಣ್ಣಿಗೂ ಬೀಳುವುದಿಲ್ಲ.

ತಮ್ಮ: ಹಾಗಾದರೆ ನನ್ನ ಸಂತೋಷ ಸುಳ್ಳೇ?

ಅಕ್ಕ: ಸುಳ್ಳಲ್ಲ. ನೀನು ಹೊಟ್ಟೆ ತುಂಬಾ ಉಂಡೆ, ತಾತನ ತೊಡೆಯ ಮೇಲೆ ನಿದ್ದೆಹೋದೆ. ನಡೆದದ್ದೇ ಅದು. ಆದರೆ ಅದನ್ನು ಮನೆಯ ನೆನಪು ಅನ್ನುತ್ತೀಯಲ್ಲ, ಅಷ್ಟು ದೊಡ್ಡದಲ್ಲ ಅದು. ನೀನು ಕೂತ ಜಾಗದ ನೆನಪು.

ತಮ್ಮ: ನಿನ್ನದೂ ಮಡಕೆ ಪಕ್ಕದ ನೆನಪೇ. ನಿನಗೆ ಲೆಕ್ಕ ಕಂಡಿತು, ನನಗೆ ನಗು ಕೇಳಿಸಿತು. ಅವ್ವನೂ ನಗುತ್ತಿದ್ದಳು ಕಣಕ್ಕ. ಅವಳ ಹಸಿವನ್ನು ನೆನೆಯುವುದಕ್ಕೆ ಅವಳ ನಗುವನ್ನು ಅಳಿಸಲೇಬೇಕೇ?

ಅಕ್ಕ: ಇಲ್ಲ. ಈ ಮಾತು ಒಪ್ಪಿದೆ. ಅವಳನ್ನು ಬರೀ ಹಸಿದವಳು ಅಂದುಬಿಟ್ಟರೆ ಅದೂ ಅನ್ಯಾಯವೇ. ಆದರೆ ನೀನು ಪದ್ಧತಿ ಅಂದೆಯಲ್ಲ, ಅದು ಅಷ್ಟು ಸಲೀಸಲ್ಲ. ಬರದ ಆಮೇಲೆ ಏನಾಯಿತು ನೋಡು. ಮಂಡ್ಯದ ವಿ.ಸಿ. ಫಾರಂನ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಸಂಕರ ಮಾಡಿ ಹೆಚ್ಚು ಇಳುವರಿಯ ಇಂಡಾಫ್ ತಳಿಗಳನ್ನು ಕೊಟ್ಟರು. ಎಪ್ಪತ್ತರ ದಶಕದಲ್ಲಿ ಅಪ್ಪನೂ ಬಿತ್ತಿದ.

ತಮ್ಮ: ಆ ರಾಗಿಗೆ ಹಳೇ ರಾಗಿಯ ರುಚಿ ಬರಲಿಲ್ಲ ಬಿಡು.

ಅಕ್ಕ: ಹಳೇ ರಾಗಿಯನ್ನು ಹೊಟ್ಟೆ ತುಂಬಾ ಉಂಡವನು ನೀನು, ರುಚಿಯ ಮಾತು ಆಡಬಹುದು. ಇಂಡಾಫ್ ಬಂದ ಮೇಲೂ ಅವ್ವ ಕೊನೆಯಲ್ಲೇ ಉಂಡಳು. ಆದರೆ ಅವಳಿಗೂ ಇಡೀ ಮುದ್ದೆ ಉಳಿಯುತ್ತಿತ್ತು. ಅದಕ್ಕೆ ಮೊದಲು, ಬರದಲ್ಲಿ, ತಳದ ಸೀಕಲು ಕೆರೆದು ತಿಂದು, ಮೇಲೊಂದಿಷ್ಟು ಸಾರು ಕುಡಿದು ಮಲಗುತ್ತಿದ್ದಳು. ನಿನ್ನ ಕಣ್ಣಿಗೆ ಎರಡೂ ಒಂದೇ, ಬಡಿಸಿದವಳು ಆಮೇಲೆ ಉಂಡಳು. ಹಸಿವು ತಂದದ್ದು ಬರ, ಪದ್ಧತಿಯಲ್ಲ. ಅದು ಯಾರ ಹೊಟ್ಟೆಗೆ ಬೀಳಬೇಕು ಅನ್ನುವುದನ್ನು ಮಾತ್ರ ಪದ್ಧತಿ ಮಳೆಗೆ ಮುಂಚೆಯೇ ಗೊತ್ತುಮಾಡಿ ಇಟ್ಟಿತ್ತು. ನನಗೆ ಸಿಟ್ಟು ಬರುವುದು ಅಲ್ಲಿ.

ತಮ್ಮ: ಅಪ್ಪನಿಗೆ ಇದು ಕಾಣುತ್ತಿರಲಿಲ್ಲವೇ?

ಅಕ್ಕ: ಕಾಣದೆ ಏನು? ಎಷ್ಟೋ ರಾತ್ರಿ ಅರ್ಧ ಮುದ್ದೆ ಬಿಟ್ಟು, ಸಾಕಾಯಿತು ಅಂತ ಕೈ ತೊಳೆಯಲು ಏಳುತ್ತಿದ್ದ. ನೀನು ಉಣ್ಣು ಎಂದು ಹೆಂಡತಿಗೆ ಬಾಯಿಬಿಟ್ಟು ಹೇಳುವವನಲ್ಲ ಅವನು.

ತಮ್ಮ: ಅದನ್ನು ಅವ್ವ ಉಣ್ಣುತ್ತಿದ್ದಳೇ?

ಅಕ್ಕ: ಇಲ್ಲ. ನಿನ್ನ ತಟ್ಟೆಗೆ ಹಾಕುತ್ತಿದ್ದಳು.