ತಟ್ಟೆಯೊಳಗಿನ ಆಲ

ಹನ್ನೆರಡು ವರ್ಷದ ನನ್ನ ಕುಬ್ಜ ಆಲದ ಮರ ಕಳೆದ ಬೇಸಿಗೆಯಲ್ಲಿ ಸೊರಗಿತು. ಎಲೆ ಹಳದಿಯಾಗಿ ಉದುರುತ್ತಿತ್ತು. ಹೊಯ್ದ ನೀರು ಇಂಗದೆ ಅಂಚಿನಿಂದ ಹರಿದುಹೋಗುತ್ತಿತ್ತು. ಹಸಿವೆಂದು ತಿಳಿದು ಗೊಬ್ಬರ ಹಾಕಿದೆ; ಇನ್ನಷ್ಟು ಎಲೆ ಉದುರಿದವು. ತಟ್ಟೆ ಎತ್ತಿ ನೋಡಿದರೆ ನೀರು ಬಸಿಯುವ ತೂತಿನಿಂದ ಬೇರುಗಳು ಇಣುಕುತ್ತಿದ್ದವು. ಮಣ್ಣಿಗೇ ಜಾಗವಿಲ್ಲದಂತೆ ಒಳಗೆಲ್ಲ ಬೇರು ತುಂಬಿತ್ತು.

ಬೋನ್ಸಾಯ್ ಎಂಬ ಜಪಾನೀ ಮಾತಿಗೆ ತಟ್ಟೆಯಲ್ಲಿ ನೆಟ್ಟದ್ದು ಎಂದಷ್ಟೇ ಅರ್ಥ. ಅದು ಕುಳ್ಳಾಗಿರುವುದು ಹುಟ್ಟಿನಿಂದಲ್ಲ. ಬೇರು, ಕೊಂಬೆಗಳನ್ನು ನಾವು ಆಗಾಗ ಸವರುವುದರಿಂದ.

ಪಿರಿಯಾಪಟ್ಟಣದ ಸೀಮೆಯಲ್ಲಿ ಮುಂಗಾರಿನ ಮೊದಲ ಹನಿ ಬಿದ್ದು, ರೈತರು ಮಡಿಯಿಂದ ತಂಬಾಕಿನ ಸಸಿ ಕಿತ್ತು ಹೊಲಕ್ಕೆ ನೆಡುವ ಹೊತ್ತಿಗೆ ನಾನೂ ಕತ್ತರಿ ಹಿಡಿದು ಕುಳಿತೆ. ಸುತ್ತಿಕೊಂಡ ಬೇರುಗಳನ್ನು ಕಡ್ಡಿಯಿಂದ ಬಿಡಿಸಿ ಮೂರರಲ್ಲೊಂದು ಪಾಲು ಕತ್ತರಿಸಿದೆ. ಕಡಿದಲ್ಲೆಲ್ಲ ಬಿಳಿಯ ಹಾಲು ಒಸರಿತು. ಕೆಮ್ಮಣ್ಣು, ದಪ್ಪ ಮರಳು, ಇಟ್ಟಿಗೆ ಚೂರು, ಕೊಳೆತ ಎಲೆಮಣ್ಣು ಬೆರೆಸಿ ನೆಟ್ಟು, ಅಲುಗದಂತೆ ತಂತಿ ಕಟ್ಟಿ ನೆರಳಿನಲ್ಲಿಟ್ಟೆ. ಇಪ್ಪತ್ತೈದನೆಯ ದಿನ ಕೊಂಬೆಯ ತುದಿಯಲ್ಲಿ ಕೆಂಪನೆಯ ಮೊನೆ ಕಂಡಿತು.

ಆ ಸಂತೋಷದಲ್ಲಿ ಬೈಲಕುಪ್ಪೆಯ ಕ್ಯಾಂಪಿನಲ್ಲಿರುವ ಟಿಬೆಟನ್ ಹಿರಿಯರೊಬ್ಬರನ್ನು ಕರೆದು ತೋರಿಸಿದೆ. ಅವರ ಮನೆಯವರಂತೆ ನಾನೂ ಅವರನ್ನು 'ಪಾಲಾ' ಎನ್ನುತ್ತೇನೆ. ಅವರ ಭಾಷೆಯಲ್ಲಿ ಹಾಗೆಂದರೆ ಅಪ್ಪ. 1959ರಲ್ಲಿ ನಾಡು ಬಿಟ್ಟು, 1961ರಲ್ಲಿ ಇಲ್ಲಿ ಲುಗ್ಸುಂ ಸಂದುಪ್ಲಿಂಗ್ ವಸಾಹತು ಶುರುವಾದಾಗ ತಂದೆಯ ಕೈ ಹಿಡಿದು ಬಂದ ಹುಡುಗ ಅವರು. ಕಾಡು ಸವರಿ ಜೋಳ ಬಿತ್ತಿದ ಮನೆತನ.

"ನೋಡಿ ಪಾಲಾ, ನಿಮ್ಮ ಹಾಗೇ. ಬೇರು ಕಡಿದರೂ ಹೊಸ ಮಣ್ಣಲ್ಲಿ ಚಿಗುರಿತು" ಎಂದುಬಿಟ್ಟೆ.

ಅವರು ಚಿಗುರನ್ನು ಬಗ್ಗಿ ನೋಡಿದರು. "ಚಿಗುರಿತು, ಸಂತೋಷ. ಆದರೆ ಚಿಗುರಿತು ಅಂತ ಕಡಿದಿದ್ದು ಸರಿಯಾಗ್ತದಾ, ಮೇಷ್ಟ್ರೇ?" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಚಹಾ ಕುಡಿದು ಹೋದರು.

ಕಡಿಯದಿದ್ದರೆ ಮರ ಸಾಯುತ್ತಿತ್ತು ಎಂದು ನನಗೆ ನಾನೇ ವಾದಿಸಿದೆ. ಅದು ಸುಳ್ಳಲ್ಲ. ಆದರೆ ಕಡಿಯಬೇಕಾದ ಸ್ಥಿತಿ ಬಂದದ್ದು ತಟ್ಟೆಯಿಂದ, ತಟ್ಟೆ ನನ್ನದು. ಗಾಯ ಮಾಡಿದವನೇ ಮುಲಾಮು ಹಚ್ಚಿ ಉಪಕಾರ ಮಾಡಿದೆನೆಂದರೆ ಹೇಗೆ? ಎದ್ದು ನಿಂತವರ ಗಟ್ಟಿತನವನ್ನು ಹೊಗಳುವಾಗಲೂ ನಾವು ಇದೇ ತಪ್ಪು ಮಾಡುತ್ತೇವೆ. ಅವರ ಬಾಳು ಅವರ ಶ್ರಮದ ಫಲ. ಬೀಳಿಸಿದ ಕೈಗೆ ಅದರಲ್ಲಿ ಪಾಲಿಲ್ಲ.

ಹಾಗಾದರೆ ನೆಲಕ್ಕೇ ನೆಡಲೇ? ಹಿತ್ತಿಲು ಚಿಕ್ಕದು, ಆಲದ ಬೇರು ಗೋಡೆ ಬಿಡುವುದಿಲ್ಲ. ಅಷ್ಟು ಧಾರಾಳಿ ನಾನಲ್ಲ. ಮರ ತಟ್ಟೆಯಲ್ಲೇ ಇದೆ. ದಿನವೂ ನೀರೆರೆಯುತ್ತೇನೆ. ಮೊದಲು ಅದನ್ನು ಪ್ರೀತಿ ಎನ್ನುತ್ತಿದ್ದೆ. ಈಗ ಸಾಲದ ಕಂತು ಎಂದುಕೊಳ್ಳುತ್ತೇನೆ.