ಬೆರಕೆ ಎಂಬ ಮಾತು

‘ಬೆರಕೆ’ ಎಂಬ ಮಾತು ನನಗೆ ಚಿಕ್ಕಂದಿನಿಂದಲೂ ಆಗದು. ಸಂಬಂಧ ನೋಡುವಾಗ ಹಿರಿಯರು ದನಿ ತಗ್ಗಿಸಿ ಆಡುತ್ತಿದ್ದ ಮಾತದು. ಹಾಗಿರುವಾಗ ಕಾವೇರಿಯ ಮೀನು ಬೆರಕೆಯಾಗುತ್ತಿದೆಯೇ ಎಂದು ನಾನೇಕೆ ಚಿಂತಿಸಬೇಕು? ಮನುಷ್ಯರಲ್ಲಿ ಬೇಡವೆಂದ ಶುದ್ಧಿಯನ್ನು ಮೀನಿನಲ್ಲಿ ಬೇಕೆನ್ನುವುದು ನ್ಯಾಯವೇ?

ಕಾವೇರಿಯ ಗೂನುಬೆನ್ನಿನ ಮಹಶೀರ್ 50 ಕಿಲೋ ತೂಗಬಲ್ಲ ಮೀನು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದು ‘ಟಾರ್ ರೆಮಾದೇವಿ’ ಎಂದು ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅಳಿವಿನಂಚಿನ ಪಟ್ಟಿಗೂ ಸೇರಿತು. ಅದರ ನೀರಿಗೆ ನೀಲಿ ರೆಕ್ಕೆಯ ಇನ್ನೊಂದು ಮಹಶೀರನ್ನು ಲೋಣಾವಳದಲ್ಲಿ ಮರಿ ಮಾಡಿಸಿ ತಂದು ಬಿಟ್ಟರು. ನದಿಯಲ್ಲಿ ಮೀನು ಹೆಚ್ಚಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ. ಎರಡೂ ಹತ್ತಿರದ ನೆಂಟರು, ಕೂಡಿದರೆ ಆಶ್ಚರ್ಯವಿಲ್ಲ.

ಕೂಡಿವೆಯೇ ಎಂದು ಅಳೆಯುವುದೇ ಕಷ್ಟ. ಅನ್ನ ಬೆಂದಿದೆಯೇ ಎಂದು ತಿಳಿಯಲು ನಮಗೆ ಒಂದಗುಳು ಸಾಕು. ಪಾತ್ರೆಯ ಅಗುಳಿಗೆಲ್ಲ ಒಂದೇ ನೀರು, ಒಂದೇ ಉರಿ. ನದಿ ಹಾಗಲ್ಲ. ಮರಿ ಬಿಟ್ಟ ಜಾಗದಲ್ಲೇ ಬಲೆ ಹಾಕಿದರೆ ಎಲ್ಲವೂ ಬೆರಕೆ ಎನಿಸೀತು, ಮೇಲಿನ ಮಡುವೊಂದನ್ನೇ ನೋಡಿದರೆ ಏನೂ ಆಗಿಲ್ಲ ಎನಿಸೀತು. ರಸ್ತೆ ಹತ್ತಿರವಿದೆಯೆಂದು ಅಲ್ಲೇ ಹಿಡಿದರಂತೂ ಮುಗಿಯಿತು. ಮೇಲೆ, ಕೆಳಗೆ, ಉಪನದಿ ಕೂಡುವಲ್ಲಿ ಎಲ್ಲ ಕಡೆ ಹಿಡಿಯಬೇಕು. ಮರಿ, ದೊಡ್ಡದು ಎರಡೂ ಬೇಕು. ಅನುಮಾನದ ಮೀನನ್ನಷ್ಟೇ ಆರಿಸಬಾರದು. ಒಂದೇ ಮಡುವಿನ ಇಪ್ಪತ್ತು ಮರಿಗಳು ಒಂದೇ ತಾಯಿಯವಾದರೆ ಅದು ಇಪ್ಪತ್ತಲ್ಲ, ಒಂದೇ ಸಂಸಾರ. ಸರಿಯಾಗಿ ಆರಿಸಿದ 50 ಮೀನಿನಲ್ಲಿ ಒಂದೂ ಬೆರಕೆ ಸಿಗದಿದ್ದರೂ, ನದಿಯಲ್ಲಿ ನೂರಕ್ಕೆ ಆರರವರೆಗೆ ಇರಬಹುದು ಎನ್ನುತ್ತದೆ ಲೆಕ್ಕ.

ಬಣ್ಣ, ಗೂನು ನೋಡಿ ಹೇಳಲೂ ಆಗದು. ಎರಡು ತಲೆಮಾರು ಕಳೆದರೆ ಬೆರೆತದ್ದೂ ಹಾಗೇ ಕಾಣುತ್ತದೆ. ಇನ್ನು ಮೈಟೊಕಾಂಡ್ರಿಯದ ವಂಶವಾಹಿ ತಾಯಿಯಿಂದ ಮಾತ್ರ ಬರುವಂಥದು. ಅದೊಂದನ್ನೇ ಪರೀಕ್ಷಿಸಿದರೆ ನದಿಯ ತಾಯಿಗೂ ಹೊರಗಿನ ತಂದೆಗೂ ಹುಟ್ಟಿದ ಮರಿ ಪೂರಾ ನದಿಯದೇ ಎನಿಸಿಕೊಳ್ಳುತ್ತದೆ. ತಂದೆಯ ಹೆಸರೇ ಇಲ್ಲದ ದಾಖಲೆ! ನಮ್ಮ ಶಾಲೆಯ ಪುಸ್ತಕಗಳಿಗೆ ಸರಿಯಾಗಿ ತಿರುಗುಮುರುಗು. ಅದಕ್ಕೇ ಇಬ್ಬರಿಂದಲೂ ಬಂದ ವಂಶವಾಹಿಗಳನ್ನು ನೋಡಬೇಕು.

ನನ್ನ ಪ್ರಶ್ನೆಗೆ ನನಗೆ ತೋಚುವುದಿಷ್ಟು. ಮನುಷ್ಯರೆಲ್ಲ ಒಂದೇ ಜಾತಿ. ಅಲ್ಲಿ ಶುದ್ಧಿಯ ಮಾತು ಯಾರನ್ನೋ ಹೊಸಿಲಾಚೆ ನಿಲ್ಲಿಸುವ ಉಪಾಯ. ಇಲ್ಲಿ ಹೋಗುವುದು ಶುದ್ಧಿಯಲ್ಲ, ಒಂದು ನದಿ ಸಾವಿರಾರು ವರ್ಷ ಸಾಕಿದ ಜೀವ. ಹೋದರೆ ಮತ್ತೆ ತರಲು ಇನ್ನೊಂದು ನದಿಯಿಲ್ಲ. ಆದರೂ ಬೆರೆತ ಮರಿಯದು ಏನೂ ತಪ್ಪಿಲ್ಲ. ಅದನ್ನು ಕಂಡಲ್ಲಿ ಕೊಲ್ಲಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಅಳೆಯುವುದಕ್ಕಂತೂ ಕೊಲ್ಲಬೇಕಿಲ್ಲ. ರೆಕ್ಕೆಯ ತುದಿಯಿಂದ ಉಗುರಿನಷ್ಟು ಚೂರು ಕತ್ತರಿಸಿ, ಆಲ್ಕೋಹಾಲಿನ ಸೀಸೆಗೆ ಹಾಕಿ, ಮೀನನ್ನು ನೀರಿಗೆ ಬಿಡುತ್ತಾರೆ. ಬೆರಕೆಯೋ ಅಲ್ಲವೋ ಎಂಬ ಉತ್ತರ ಪ್ರಯೋಗಾಲಯದಿಂದ ಬರುವಷ್ಟರಲ್ಲಿ ಅದು ಎಷ್ಟೋ ದೂರ ಈಜಿರುತ್ತದೆ.